ಬೋಟಿನ ಫೈಬರ್ ಕೆಲಸ ಮತ್ತು ಮೂತ್ರದಲ್ಲಿನ ಮ್ಯಾಂಡೆಲಿಕ್ ಆಮ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆ ಬಂದರಿನಿಂದ ಮಂಗಳೂರಿನ ಬೋಳಾರ, ಹೊಯಿಗೆ ಬಜಾರ್, ಕಸಬಾ ಬೆಂಗ್ರೆಯವರೆಗೆ ಬೋಟುಗಳಿಗೆ ಫೈಬರ್ ಹೊದಿಸುವ ಕೆಲಸಗಾರರು, ಅವರ ಮನೆಯವರು, ಕೆಲಸ ಮಾಡಿಸುವ ಮೇಸ್ತ್ರಿಗಳು, ಬೋಟಿನ ಮಾಲೀಕರು ಮತ್ತು ತಲೆನೋವು, ಕಣ್ಣುರಿ ಎಂದು ಬಂದವರನ್ನು ನೋಡುವ ಊರಿನ ವೈದ್ಯರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮೂತ್ರದಲ್ಲಿನ ಮ್ಯಾಂಡೆಲಿಕ್ ಆಮ್ಲವನ್ನು ಅಳೆಯುವ ಈ ಪರೀಕ್ಷೆಯನ್ನು ಸರಿಯಾದ ದಿನ, ಸರಿಯಾದ ಹೊತ್ತಿನಲ್ಲಿ ಮಾಡಿದರೆ ಅದು ಶೆಡ್ಡಿನ ಗಾಳಿಯ ಬಗ್ಗೆ ತುಂಬ ನಿಖರವಾಗಿ ಹೇಳುತ್ತದೆ. ತಪ್ಪು ಹೊತ್ತಿನಲ್ಲಿ ಮಾಡಿದರೆ ಸುಳ್ಳು ಸಮಾಧಾನವನ್ನಷ್ಟೇ ಕೊಡುತ್ತದೆ. ಆದ್ದರಿಂದ ಕೆಲವು ಉತ್ತರಗಳು ಉದ್ದವಾಗಿವೆ.

ಮ್ಯಾಂಡೆಲಿಕ್ ಆಮ್ಲ ಎಂದರೇನು? ಬೋಟಿನ ಕೆಲಸಕ್ಕೂ ಅದಕ್ಕೂ ಏನು ಸಂಬಂಧ?

ಗ್ಲಾಸ್ ಫೈಬರ್ ಮ್ಯಾಟಿನ ಮೇಲೆ ರೋಲರಿನಿಂದ ಹಚ್ಚುವ ಪಾಲಿಯೆಸ್ಟರ್ ರೆಸಿನ್ ದ್ರವವಾಗಿರುವುದು ಅದರಲ್ಲಿ ಬೆರೆಸಿರುವ ಸ್ಟೈರೀನ್ ಎಂಬ ದ್ರಾವಕದಿಂದ. ಸಾಮಾನ್ಯವಾಗಿ ರೆಸಿನ್ನಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚೇ ಸ್ಟೈರೀನ್ ಇರುತ್ತದೆ. ರೆಸಿನ್ ಗಟ್ಟಿಯಾಗುವಾಗ ಅದರ ಹೆಚ್ಚಿನ ಪಾಲು ಫೈಬರಿನೊಳಗೆ ಬೆಸೆದುಹೋಗುತ್ತದೆ, ಉಳಿದದ್ದು ಆವಿಯಾಗಿ ಗಾಳಿಗೆ ಸೇರುತ್ತದೆ. ಆ ಗಾಳಿಯನ್ನು ಉಸಿರಾಡಿದಾಗ ಒಳಗೆ ಹೋದ ಸ್ಟೈರೀನಿನ ಅರ್ಧಕ್ಕಿಂತ ಹೆಚ್ಚು ಭಾಗ ರಕ್ತಕ್ಕೆ ಇಳಿಯುತ್ತದೆ.

ದೇಹವು ಸ್ಟೈರೀನಿನ ಹೆಚ್ಚಿನ ಪಾಲನ್ನು ಹಾಗೆಯೇ ಹೊರಹಾಕಲಾರದು. ಯಕೃತ್ತಿನ ಸೈಟೋಕ್ರೋಮ್ ಪಿ450 ಗುಂಪಿನ ಕಿಣ್ವಗಳು, ಅದರಲ್ಲೂ 2ಇ1 ಎಂಬುದು, ಅದನ್ನು ಮೊದಲು ಸ್ಟೈರೀನ್ ಆಕ್ಸೈಡ್ ಆಗಿ ಮಾರ್ಪಡಿಸುತ್ತವೆ. ಅದು ಸ್ಟೈರೀನ್ ಗ್ಲೈಕಾಲ್ ಆಗುತ್ತದೆ. ಗ್ಲೈಕಾಲ್ ಮ್ಯಾಂಡೆಲಿಕ್ ಆಮ್ಲವಾಗುತ್ತದೆ. ಅದರಲ್ಲಿ ಸ್ವಲ್ಪ ಭಾಗ ಮುಂದೆ ಫೀನೈಲ್‌ಗ್ಲೈಆಕ್ಸಿಲಿಕ್ ಆಮ್ಲವಾಗಿ ಮೂತ್ರದಲ್ಲಿ ಹೋಗುತ್ತದೆ. ಈ ಎರಡು ಆಮ್ಲಗಳು ಸೇರಿದರೆ, ಸ್ಟೈರೀನಿನಿಂದ ಉಂಟಾಗಿ ಮೂತ್ರಕ್ಕೆ ಬರುವ ಪದಾರ್ಥಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲಿನ ಲೆಕ್ಕ ಸಿಕ್ಕಂತಾಗುತ್ತದೆ. ಹೀಗೆ ದೇಹದೊಳಗೆ ಮಾರ್ಪಟ್ಟು ಹೊರಬರುವ ಪದಾರ್ಥವನ್ನು ಮೆಟಬೊಲೈಟ್ ಎನ್ನುತ್ತಾರೆ, ಅದನ್ನು ಅಳೆದು ಒಡ್ಡಿಕೆಯನ್ನು ಅಂದಾಜು ಮಾಡುವುದನ್ನು ಜೈವಿಕ ನಿಗಾವಣೆ ಎನ್ನುತ್ತಾರೆ.

ಮ್ಯಾಂಡೆಲಿಕ್ ಆಮ್ಲವೇ ವಿಷವೇ?

ಅಲ್ಲ. 1930ರ ದಶಕದಲ್ಲಿ ಅದನ್ನು ಮೂತ್ರನಾಳದ ಸೋಂಕಿಗೆ ಔಷಧವಾಗಿಯೇ ಕೊಡುತ್ತಿದ್ದರು. ತೊಂದರೆ ಕೊಡುವುದು ಸ್ಟೈರೀನ್ ಮತ್ತು ದಾರಿಯ ಮಧ್ಯದಲ್ಲಿ ಹುಟ್ಟುವ ಸ್ಟೈರೀನ್ ಆಕ್ಸೈಡ್. ಮ್ಯಾಂಡೆಲಿಕ್ ಆಮ್ಲ ಅವುಗಳ ಗುರುತು ಮಾತ್ರ.

ವಾಸನೆಯಿಂದಲೇ ಗೊತ್ತಾಗುತ್ತದಲ್ಲ, ಪರೀಕ್ಷೆ ಏಕೆ?

ಸ್ಟೈರೀನಿನ ಸಿಹಿ ಛಾಯೆಯ ಘಾಟು ಗಾಳಿಯಲ್ಲಿ ಒಂದು ಪಿಪಿಎಂಗಿಂತ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ, ಕಡಿಮೆ ಇದ್ದಾಗಲೇ ಹೊಸಬರ ಮೂಗಿಗೆ ಹತ್ತುತ್ತದೆ. ಆದರೆ ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಶೆಡ್ಡಿನ ಬಾಗಿಲಲ್ಲಿ ನಿಂತ ಮಾಲೀಕರಿಗೆ ತಲೆ ತಿರುಗುವಷ್ಟು ಘಾಟಿದ್ದರೂ ಒಳಗೆ ರೋಲರ್ ಹಿಡಿದವರು "ಇವತ್ತು ಏನೂ ವಾಸನೆ ಇಲ್ಲ" ಎನ್ನುವುದು ಈ ಕಾರಣಕ್ಕೇ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಮೂಗು ಹೇಳುವುದನ್ನು ನಿಲ್ಲಿಸಿದೆ.

ಗಾಳಿಯನ್ನೇ ಅಳೆಯಬಹುದಲ್ಲವೇ? ಮೂತ್ರ ಏಕೆ ಬೇಕು?

ಗಾಳಿಯನ್ನೂ ಅಳೆಯಬೇಕು. ಆದರೆ ಗಾಳಿಯ ಅಳತೆಯಿಂದ ಎಲ್ಲವೂ ತಿಳಿಯುವುದಿಲ್ಲ. ಹಲ್ಲಿನ ಒಳಗೆ, ಅಂದರೆ ಬೋಟಿನ ಒಡಲಿನೊಳಗೆ, ಬಗ್ಗಿ ಕುಳಿತು ಮೀನು ತುಂಬುವ ಹೋಲ್ಡಿಗೆ ಫೈಬರ್ ಹೊದಿಸುವವನೂ ಹೊರಗೆ ನಿಂತು ಮ್ಯಾಟ್ ಕತ್ತರಿಸಿ ಕೊಡುವವನೂ ಒಂದೇ ಶೆಡ್ಡಿನಲ್ಲಿದ್ದರೂ ಒಂದೇ ಗಾಳಿಯನ್ನು ಉಸಿರಾಡುವುದಿಲ್ಲ. ಸ್ಟೈರೀನಿನ ಆವಿ ಗಾಳಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಭಾರ. ಅದು ಹಲ್ಲಿನ ತಳದಲ್ಲಿ, ಕೆಲಸಗಾರನ ಮುಖ ಇರುವ ಎತ್ತರದಲ್ಲೇ, ತಂಗುತ್ತದೆ. ಮೈಮುರಿದು ದುಡಿಯುವವನ ಉಸಿರಾಟ ಸುಮ್ಮನೆ ನಿಂತವನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುವುದರಿಂದ, ಒಂದೇ ಗಾಳಿಯಲ್ಲೂ ಅವನ ದೇಹಕ್ಕೆ ಹೆಚ್ಚು ಸೇರುತ್ತದೆ. ಮಾಸ್ಕ್ ಹಾಕಿದ್ದರೆ ಅದು ನಿಜವಾಗಿ ತಡೆಯಿತೇ ಎಂಬುದನ್ನು ಹೊರಗಿನ ಗಾಳಿಯ ಅಳತೆ ಹೇಳಲಾರದು. ಇವೆಲ್ಲವನ್ನೂ ಒಟ್ಟುಗೂಡಿಸಿ, ಆ ವ್ಯಕ್ತಿಯ ದೇಹಕ್ಕೆ ನಿಜವಾಗಿ ಎಷ್ಟು ಸೇರಿತು ಎಂಬುದನ್ನು ಮೂತ್ರ ಹೇಳುತ್ತದೆ.

ಮೂತ್ರವನ್ನು ಯಾವಾಗ ಕೊಡಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು, ನಮ್ಮ ಕಡೆ ಅತಿ ಹೆಚ್ಚು ತಪ್ಪುವುದೂ ಇಲ್ಲೇ. ಸಕ್ಕರೆ ಪರೀಕ್ಷೆಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗುವ ಅಭ್ಯಾಸ ನಮಗಿದೆ, ಈ ಪರೀಕ್ಷೆಗೆ ಆ ಅಭ್ಯಾಸ ಸಲ್ಲದು. ಫೈಬರ್ ಕೆಲಸ ಮಾಡಿದ ದಿನ, ಕೆಲಸ ಮುಗಿದ ಕೂಡಲೇ, ಬಟ್ಟೆ ಬದಲಿಸಿ ಮನೆಗೆ ಹೊರಡುವ ಮುಂಚೆ ಮೂತ್ರ ಕೊಡಬೇಕು. ಸತತ ಕೆಲಸವಿರುವ ವಾರದಲ್ಲಾದರೆ ವಾರದ ಕೊನೆಯ ದಿನಗಳು ಉತ್ತಮ.

ಕಾರಣ ಹೀಗಿದೆ. ಮೂತ್ರದಲ್ಲಿನ ಮ್ಯಾಂಡೆಲಿಕ್ ಆಮ್ಲ ಎರಡು ಹಂತಗಳಲ್ಲಿ ಇಳಿಯುತ್ತದೆ: ಮೊದಲ ಹಂತದಲ್ಲಿ ಸುಮಾರು 4 ಗಂಟೆಗೊಮ್ಮೆ ಅರ್ಧವಾಗುತ್ತದೆ, ನಂತರದ ನಿಧಾನದ ಹಂತದಲ್ಲಿ ಅರ್ಧವಾಗಲು ಸುಮಾರು ಒಂದು ದಿನ ಹಿಡಿಯುತ್ತದೆ. ನಿಧಾನದ ಹಂತ ಇರುವುದು ಸ್ಟೈರೀನ್ ಕೊಬ್ಬಿನಲ್ಲಿ ಕರಗಿ ಕುಳಿತು ಮೆಲ್ಲಗೆ ಹೊರಬರುವುದರಿಂದ. ಅದಕ್ಕಾಗಿಯೇ ಸತತ ಕೆಲಸದ ವಾರದಲ್ಲಿ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಸೇರಿಕೊಳ್ಳುತ್ತಾ ಹೋಗುತ್ತದೆ. ಸಂಜೆ ಬಿಟ್ಟು ಮರುದಿನ ಬೆಳಗ್ಗೆ ಕೊಟ್ಟರೆ ಮೇಲಿನ ದೊಡ್ಡ ಪಾಲು ಆಗಲೇ ಇಳಿದುಹೋಗಿರುತ್ತದೆ. ಎರಡು ದಿನ ರಜೆ ಹಾಕಿ ಪರೀಕ್ಷೆಗೆ ಹೋದರೆ ಹೆಚ್ಚುಕಡಿಮೆ ಏನೂ ಕಾಣಿಸದು.

ಕರಾವಳಿಯಲ್ಲಿ ಇದಕ್ಕೆ ಋತುವಿನ ಲೆಕ್ಕವೂ ಸೇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳು ದಡ ಹತ್ತುತ್ತವೆ, ದುರಸ್ತಿಯ ಕೆಲಸ ಒಟ್ಟಿಗೆ ಬರುತ್ತದೆ. ಹೊರಗೆ ಆಷಾಢದ ಮಳೆ, ಗಾಳಿ. ಮ್ಯಾಟ್ ಒದ್ದೆಯಾದರೆ ರೆಸಿನ್ ಹಿಡಿಯುವುದಿಲ್ಲವಾದ್ದರಿಂದ ನೀಲಿ ಟಾರ್ಪಾಲನ್ನು ನೆಲದವರೆಗೆ ಇಳಿಸಿ, ಅಂಚಿಗೆ ಕಲ್ಲು ಇಟ್ಟು, ಬೋಟಿನ ಸುತ್ತ ಮುಚ್ಚಿಬಿಡುತ್ತಾರೆ. ಡಿಸೆಂಬರಿನಲ್ಲಿ ತೆರೆದ ಬಯಲಲ್ಲಿ, ಕಡಲ ಗಾಳಿಯಲ್ಲಿ ಮಾಡುವ ಅದೇ ಕೆಲಸ ಜುಲೈಯಲ್ಲಿ ಮುಚ್ಚಿದ ಡೇರೆಯೊಳಗಿನ ಕೆಲಸವಾಗುತ್ತದೆ. ವರ್ಷಕ್ಕೊಮ್ಮೆ ಮಾತ್ರ ಪರೀಕ್ಷೆ ಮಾಡಿಸುವುದಾದರೆ ಅದನ್ನು ಈ ಎರಡು ತಿಂಗಳೊಳಗೆ ಮಾಡಿಸಬೇಕು. ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದು ಕೈ ಬಿಡುವಾದ ಮೇಲೆ ನಡೆಸುವ ಆರೋಗ್ಯ ಶಿಬಿರದಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ.

ಮ್ಯಾಂಡೆಲಿಕ್ ಆಮ್ಲ ಒಂದನ್ನೇ ಅಳೆದರೆ ಸಾಲದೇ?

ಎರಡನ್ನೂ ಅಳೆದು ಕೂಡಿಸುವುದು ಉತ್ತಮ. ಮ್ಯಾಂಡೆಲಿಕ್ ಆಮ್ಲ ಬೇಗ ಏರಿ ಬೇಗ ಇಳಿಯುತ್ತದೆ, ಫೀನೈಲ್‌ಗ್ಲೈಆಕ್ಸಿಲಿಕ್ ಆಮ್ಲ ಸ್ವಲ್ಪ ತಡವಾಗಿ ಬಂದು ನಿಧಾನವಾಗಿ ಹೋಗುತ್ತದೆ. ಮೂತ್ರ ಕೊಡುವ ಸಮಯ ಒಂದೆರಡು ಗಂಟೆ ಹಿಂದುಮುಂದಾದರೂ ಎರಡರ ಮೊತ್ತ ಒಂದೊಂದೇ ಸಂಖ್ಯೆಗಿಂತ ಹೆಚ್ಚು ಸ್ಥಿರವಾಗಿರುತ್ತದೆ.

ಮಾದರಿಯನ್ನು ಹೇಗೆ ಸಂಗ್ರಹಿಸಿ ಕಳಿಸಬೇಕು?

ಬಾಟಲಿ ಸ್ವಚ್ಛವಾಗಿರಲಿ, ಮುಚ್ಚಳ ಬಿಗಿಯಾಗಿರಲಿ. ಹೆಸರಿನ ಜೊತೆಗೆ ದಿನಾಂಕ, ಮೂತ್ರ ಕೊಟ್ಟ ಸಮಯ, ಆ ದಿನ ಎಷ್ಟು ಗಂಟೆ ಫೈಬರ್ ಕೆಲಸ ಮಾಡಿದರು, ಹಲ್ಲಿನ ಒಳಗೋ ಹೊರಗೋ, ಮಾಸ್ಕ್ ಇತ್ತೋ ಇಲ್ಲವೋ ಎಂಬುದನ್ನೂ ಬರೆಯಬೇಕು. ಈ ವಿವರಗಳಿಲ್ಲದ ವರದಿಯನ್ನು ಯಾರೂ ಸರಿಯಾಗಿ ಓದಲಾರರು. ಕೈಯಲ್ಲಿದ್ದ ರೆಸಿನ್ನಿನ ತುಣುಕು ಬಾಟಲಿಗೆ ತಾಗಿದರೆ ಮ್ಯಾಂಡೆಲಿಕ್ ಆಮ್ಲದ ಸಂಖ್ಯೆ ಏರುವುದಿಲ್ಲ, ಏಕೆಂದರೆ ಸ್ಟೈರೀನ್ ಮ್ಯಾಂಡೆಲಿಕ್ ಆಮ್ಲವಾಗುವುದು ದೇಹದೊಳಗೆ ಮಾತ್ರ. ಈ ಪರೀಕ್ಷೆಯ ದೊಡ್ಡ ಅನುಕೂಲ ಇದೇ. ಆದರೆ ಕೆಲವು ಪ್ರಯೋಗಾಲಯಗಳು ಮೂತ್ರದಲ್ಲಿನ ಸ್ಟೈರೀನನ್ನೇ ನೇರವಾಗಿ ಅಳೆಯುತ್ತವೆ. ಆಗ ಕೈ ತೊಳೆದು, ಕೆಲಸದ ಬಟ್ಟೆ ಬಿಚ್ಚಿ, ಶೆಡ್ಡಿನಿಂದ ದೂರ ಬಂದು ಕೊಡುವುದು ಕಡ್ಡಾಯ.

ಫೀನೈಲ್‌ಗ್ಲೈಆಕ್ಸಿಲಿಕ್ ಆಮ್ಲ ಬಿಸಿಯಲ್ಲಿ ಉಳಿಯುವುದಿಲ್ಲ. ನಮ್ಮ ಸೆಖೆಯಲ್ಲಿ ಬಾಟಲಿಯನ್ನು ಬೈಕಿನ ಡಿಕ್ಕಿಯಲ್ಲಿಟ್ಟು ಮಧ್ಯಾಹ್ನವಿಡೀ ಸುತ್ತಾಡಿದರೆ ಅದರ ಒಂದು ಪಾಲು ಕಳೆದುಹೋಗಿರುತ್ತದೆ. ಕೊಟ್ಟ ಕೂಡಲೇ ಐಸ್ ಪೆಟ್ಟಿಗೆಗೆ ಸೇರಿಸಬೇಕು, ಅದೇ ದಿನ ಫ್ರಿಜ್ಜಿಗೆ ಹೋಗಬೇಕು, ಕೆಲವು ದಿನ ಇಡಬೇಕಾದರೆ -20 ಡಿಗ್ರಿಯ ಫ್ರೀಜರಿನಲ್ಲಿಡಬೇಕು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸುವವರು, ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ವಾಹನ ನಿಲ್ಲುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಇನ್ನೊಂದು ದಿನಕ್ಕೂ ಸಾಲುವಷ್ಟು ಐಸ್ ಇಟ್ಟು ಕಟ್ಟಿಕೊಡಬೇಕು.

ಈ ಪರೀಕ್ಷೆ ಎಲ್ಲಿ ಆಗುತ್ತದೆ?

ಪೇಟೆಯ ಲ್ಯಾಬಿನ ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಇದು ಸೇರಿರುವುದಿಲ್ಲ. ಮೂತ್ರದಲ್ಲಿನ ರಾಸಾಯನಿಕಗಳನ್ನು ಒಂದೊಂದಾಗಿ ಗುರುತಿಸಿ ಅಳೆಯುವ ಎಚ್‌ಪಿಎಲ್‌ಸಿ ಅಥವಾ ಮಾಸ್ ಸ್ಪೆಕ್ಟ್ರೋಮೆಟ್ರಿ ಉಪಕರಣವಿರುವ ಪ್ರಯೋಗಾಲಯ ಬೇಕು. ಔದ್ಯೋಗಿಕ ಆರೋಗ್ಯದ ಕ್ಷೇತ್ರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಂಸ್ಥೆ ಅಹಮದಾಬಾದಿನಲ್ಲಿದೆ, ಅದರ ದಕ್ಷಿಣದ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಮಾದರಿ ತೆಗೆಯುವ ಮೊದಲೇ ಪ್ರಯೋಗಾಲಯವನ್ನು ಕೇಳಿ, ಎರಡೂ ಆಮ್ಲಗಳನ್ನು ಕ್ರಿಯಾಟಿನಿನ್ ಸಮೇತ ಅಳೆಯುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ವರದಿಯಲ್ಲಿ "ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ ಇಷ್ಟು" ಎಂದಿರುತ್ತದೆ. ಕಿಡ್ನಿಗೆ ಏನಾದರೂ ಆಗಿದೆಯೇ?

ವರದಿ ಕೈಗೆ ಬಂದಾಗ ಮನೆಯವರು ಗಾಬರಿಯಾಗುವುದು ಹೆಚ್ಚಾಗಿ ಈ ಪದ ಕಂಡು. ಕ್ರಿಯಾಟಿನಿನ್ ಎಂದರೆ ಕಿಡ್ನಿ ಎಂದು ಎಲ್ಲರೂ ಕೇಳಿರುತ್ತಾರೆ. ಅದು ರಕ್ತದ ಕ್ರಿಯಾಟಿನಿನ್ ವಿಷಯ. ಇಲ್ಲಿ ಮೂತ್ರದಲ್ಲಿರುವ ಕ್ರಿಯಾಟಿನಿನ್ ಅನ್ನು, ಮೂತ್ರ ಎಷ್ಟು ಗಟ್ಟಿ, ಎಷ್ಟು ತೆಳು ಎಂದು ತಿಳಿಯುವ ಅಳತೆಗೋಲಾಗಿ ಮಾತ್ರ ಬಳಸುತ್ತಾರೆ.

ಟಾರ್ಪಾಲಿನ ಒಳಗೆ ಇಡೀ ದಿನ ಬೆವರು ಸುರಿಸಿ ನೀರು ಕುಡಿಯದವನ ಮೂತ್ರ ಗಟ್ಟಿಯಾಗಿ, ಹಳದಿಯಾಗಿ ಬರುತ್ತದೆ. ಎರಡು ಬೊಂಡ ಕುಡಿದು ಬಂದವನದು ನೀರಿನಂತಿರುತ್ತದೆ. ಇಬ್ಬರ ದೇಹಕ್ಕೂ ಒಂದೇ ಪ್ರಮಾಣದ ಸ್ಟೈರೀನ್ ಸೇರಿದ್ದರೂ ಲೀಟರಿನ ಲೆಕ್ಕದಲ್ಲಿ ಮೊದಲನೆಯವನ ಸಂಖ್ಯೆ ಎರಡು ಮೂರು ಪಟ್ಟು ಹೆಚ್ಚು ಕಾಣಬಹುದು. ಕ್ರಿಯಾಟಿನಿನ್ ಮಾಂಸಖಂಡದಿಂದ ದಿನವಿಡೀ ಸುಮಾರು ಒಂದೇ ವೇಗದಲ್ಲಿ ಹೊರಬರುವುದರಿಂದ ಅದರಿಂದ ಭಾಗಿಸಿದರೆ ನೀರಿನ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ.

ಒಂದು ಕಾಲ್ಪನಿಕ ವರದಿಯನ್ನು ಲೆಕ್ಕ ಹಾಕಿ ನೋಡೋಣ. ಒಬ್ಬರ ಮೂತ್ರದಲ್ಲಿ ಲೀಟರಿಗೆ 520 ಮಿಲಿಗ್ರಾಂ ಮ್ಯಾಂಡೆಲಿಕ್ ಆಮ್ಲ, 180 ಮಿಲಿಗ್ರಾಂ ಫೀನೈಲ್‌ಗ್ಲೈಆಕ್ಸಿಲಿಕ್ ಆಮ್ಲ ಇದೆ, ಒಟ್ಟು 700. ಕ್ರಿಯಾಟಿನಿನ್ ಡೆಸಿಲೀಟರಿಗೆ 200 ಮಿಲಿಗ್ರಾಂ ಎಂದಿದೆ, ಅಂದರೆ ಲೀಟರಿಗೆ 2 ಗ್ರಾಂ. 700ನ್ನು 2ರಿಂದ ಭಾಗಿಸಿದರೆ ಪ್ರತಿ ಗ್ರಾಂ ಕ್ರಿಯಾಟಿನಿನ್‌ಗೆ 350 ಮಿಲಿಗ್ರಾಂ. ಇನ್ನೊಬ್ಬರ ಮೊತ್ತ ಲೀಟರಿಗೆ ಕೇವಲ 400 ಮಿಲಿಗ್ರಾಂ, ಆದರೆ ಕ್ರಿಯಾಟಿನಿನ್ ಲೀಟರಿಗೆ 0.5 ಗ್ರಾಂ, ಭಾಗಿಸಿದರೆ 800. ಮೇಲ್ನೋಟಕ್ಕೆ ಕಡಿಮೆ ಕಂಡ ಎರಡನೆಯವರೇ ಮೊದಲನೆಯವರ ಎರಡು ಪಟ್ಟಿಗಿಂತ ಹೆಚ್ಚು ಸ್ಟೈರೀನಿಗೆ ಒಡ್ಡಿಕೊಂಡಿದ್ದಾರೆ.

ಕ್ರಿಯಾಟಿನಿನ್ ಲೀಟರಿಗೆ 0.3 ಗ್ರಾಂಗಿಂತ ಕಡಿಮೆ ಅಥವಾ 3 ಗ್ರಾಂಗಿಂತ ಹೆಚ್ಚು ಬಂದರೆ ಆ ಮಾದರಿ ತೀರಾ ತೆಳು ಅಥವಾ ತೀರಾ ಗಟ್ಟಿ ಎಂದು ಬದಿಗಿಟ್ಟು ಇನ್ನೊಂದನ್ನು ತೆಗೆಯುವುದು ರೂಢಿ. ನಮ್ಮ ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಗಟ್ಟಿ ಮೂತ್ರದ ತೊಂದರೆ ಹೆಚ್ಚು. ಪರೀಕ್ಷೆಯ ದಿನ ಎಂದಿನಂತೆ ನೀರು ಕುಡಿಯಿರಿ ಎಂದು ಹೇಳಿ, ಬಾಟಲಿ ಕೊಡುವ ಹೊತ್ತಿಗೆ ಬೇಕೆಂದೇ ಚೊಂಬುಗಟ್ಟಲೆ ಕುಡಿಯದಂತೆ ನೋಡಿಕೊಂಡರೆ ಸಾಕು.

ಎಷ್ಟಿದ್ದರೆ ಹೆಚ್ಚು?

ಅಮೆರಿಕದ ಸರ್ಕಾರಿ ಔದ್ಯೋಗಿಕ ನೈರ್ಮಲ್ಯ ತಜ್ಞರ ಸಂಘಟನೆಯ ಮಾರ್ಗಸೂಚಿಯನ್ನು ಜಗತ್ತಿನ ಹಲವೆಡೆ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಅದು ಹಿಂದೆ ಕೆಲಸ ಮುಗಿದಾಗಿನ ಮೂತ್ರದಲ್ಲಿ ಮ್ಯಾಂಡೆಲಿಕ್ ಆಮ್ಲ 800, ಫೀನೈಲ್‌ಗ್ಲೈಆಕ್ಸಿಲಿಕ್ ಆಮ್ಲ 240 ಮಿಲಿಗ್ರಾಂ ಎಂದು ಪ್ರತ್ಯೇಕವಾಗಿ ಹೇಳುತ್ತಿತ್ತು. ಆ ಕಾಲಕ್ಕೆ ಗಾಳಿಯ ಮಿತಿ 50 ಪಿಪಿಎಂ ಇತ್ತು. ಗಾಳಿಯ ಮಿತಿಯನ್ನು 20 ಪಿಪಿಎಂಗೆ ಇಳಿಸಿದ ಮೇಲೆ ಎರಡೂ ಆಮ್ಲಗಳ ಮೊತ್ತಕ್ಕೆ 400 ಮಿಲಿಗ್ರಾಂ ಎಂದಾಯಿತು. 2020ರಲ್ಲಿ ಗಾಳಿಯ ಮಿತಿಯನ್ನು ಮತ್ತೂ ಇಳಿಸಿ 10 ಪಿಪಿಎಂ ಮಾಡಿದ್ದಾರೆ. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಸ್ಟೈರೀನಿಗೆ ಇದ್ದದ್ದು ಎಂಟು ಗಂಟೆಯ ಸರಾಸರಿ 50 ಪಿಪಿಎಂ.

ಅಂದರೆ, ಕಾಯ್ದೆಯ ಸಂಖ್ಯೆಯ ಒಳಗೇ ಇದ್ದೇವೆ ಎಂದು ನೆಮ್ಮದಿಯಿಂದಿರಲು ಕಾರಣವಿಲ್ಲ. 50 ಪಿಪಿಎಂ ಗಾಳಿಯಲ್ಲಿ ದಿನವಿಡೀ ದುಡಿದವನ ಮೂತ್ರದಲ್ಲಿ ಮೊತ್ತ ಸಾವಿರದ ಆಸುಪಾಸಿನಲ್ಲಿರುತ್ತದೆ, ಅದು ಇಂದಿನ ತಿಳಿವಳಿಕೆಯ ಪ್ರಕಾರ ಬಹಳ ಹೆಚ್ಚು. ನನ್ನ ಅಭಿಪ್ರಾಯದಲ್ಲಿ 400 ದಾಟಿದ ಪ್ರತಿಯೊಂದು ವರದಿಯೂ ಶೆಡ್ಡನ್ನು ಸರಿಪಡಿಸಲು ಸಾಕಷ್ಟು ಕಾರಣ, 400ಕ್ಕಿಂತ ಕಡಿಮೆ ಇದ್ದರೂ ಅದನ್ನು ಇನ್ನಷ್ಟು ಇಳಿಸುವ ಪ್ರಯತ್ನ ನಿಲ್ಲಬಾರದು. ಇನ್ನೊಂದು ಮಾತು: ಕೆಲವೇ ಜನ ದುಡಿಯುವ ಶೆಡ್ಡುಗಳು ಕಾರ್ಖಾನೆಯ ವ್ಯಾಖ್ಯೆಯೊಳಗೇ ಬರುವುದಿಲ್ಲ. ಅಲ್ಲಿಗೆ ಯಾರೂ ತಪಾಸಣೆಗೆ ಬರುವುದಿಲ್ಲವಾದ್ದರಿಂದ, ಮಾಲೀಕರೂ ಮೇಸ್ತ್ರಿಗಳೂ ತಾವಾಗಿಯೇ ಮಾಡಿಸಿದರೆ ಮಾತ್ರ ಪರೀಕ್ಷೆ ನಡೆಯುತ್ತದೆ.

ಸಂಖ್ಯೆ ಹೆಚ್ಚು ಬಂದರೆ ಕಾಯಿಲೆ ಬಂದಿದೆ ಎಂದೇ?

ಹಾಗಲ್ಲ. ಕಳೆದ ಒಂದೆರಡು ದಿನಗಳಲ್ಲಿ ದೇಹಕ್ಕೆ ಎಷ್ಟು ಸೇರಿತು ಎಂಬುದನ್ನಷ್ಟೇ ಅದು ಹೇಳುತ್ತದೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವರ ಮೂತ್ರವೂ ನಿನ್ನೆ ಸೇರಿದವರ ಮೂತ್ರವೂ ಒಂದೇ ಸಂಖ್ಯೆ ತೋರಬಹುದು. ವರ್ಷಗಳ ಹಾನಿಯನ್ನು ತಿಳಿಯಲು ಬೇರೆ ಪರೀಕ್ಷೆಗಳು ಬೇಕು.

ಆ ಹಾನಿಗಳು ಯಾವುವು ಎಂದರೆ: ಕೂಡಲೇ ಕಾಣುವವು ಕಣ್ಣು, ಮೂಗು, ಗಂಟಲಿನ ಉರಿ, ತಲೆನೋವು, ತಲೆ ಸುತ್ತು, ಸಂಜೆಯ ಹೊತ್ತಿನ ಮಂಕು. ವರ್ಷಗಳ ಮೇಲೆ ಕಾಣುವವುಗಳಲ್ಲಿ ಬಣ್ಣ ಗುರುತಿಸುವ ಶಕ್ತಿಯ ಇಳಿಕೆ ಮುಖ್ಯ, ವಿಶೇಷವಾಗಿ ನೀಲಿ ಮತ್ತು ಹಳದಿಯ ಛಾಯೆಗಳಲ್ಲಿ. ಸಾಮಾನ್ಯ ಕಣ್ಣಿನ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ಬಣ್ಣದ ಬಿಲ್ಲೆಗಳನ್ನು ಕ್ರಮವಾಗಿ ಜೋಡಿಸುವ ಪರೀಕ್ಷೆ ಬೇಕು. ಪ್ರತಿಕ್ರಿಯೆಯ ವೇಗ ತಗ್ಗುತ್ತದೆ. ಕಿವಿಯ ಒಳಭಾಗದ ಕೋಶಗಳಿಗೂ ಸ್ಟೈರೀನ್ ಹಾನಿ ಮಾಡುತ್ತದೆ, ಜೊತೆಗೆ ಗದ್ದಲವಿದ್ದರೆ ಹಾನಿ ಹೆಚ್ಚು. ಒಂದೇ ಶೆಡ್ಡಿನಲ್ಲಿ ಒಬ್ಬರು ರೋಲರ್ ಹೊಡೆಯುವಾಗ ಪಕ್ಕದಲ್ಲೇ ಇನ್ನೊಬ್ಬರು ಗ್ರೈಂಡರ್ ಓಡಿಸುವುದು ನಮ್ಮಲ್ಲಿ ಸಾಮಾನ್ಯ. ಹಾಗಾಗಿ ಈ ಕೆಲಸಗಾರರಿಗೆ ಶ್ರವಣ ಪರೀಕ್ಷೆಯನ್ನು ವೈದ್ಯರು ಮರೆಯಬಾರದು.

2018ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಸ್ಟೈರೀನನ್ನು "ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವ ಹೆಚ್ಚು" ಎಂಬ 2ಎ ಗುಂಪಿಗೆ ಏರಿಸಿತು. ಅದಕ್ಕೂ ಮೊದಲು ಅದು ಕೆಳಗಿನ 2ಬಿ ಗುಂಪಿನಲ್ಲಿತ್ತು.

ಸಂಜೆ ಸ್ವಲ್ಪ ಕುಡಿಯುವ ಅಭ್ಯಾಸವಿದೆ. ಪರೀಕ್ಷೆಗೆ ತೊಂದರೆಯೇ?

ತೊಂದರೆ ಇದೆ, ಅದೂ ಎಣಿಸಿದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ. ಶೇಂದಿಯಾಗಲಿ, ವಿಸ್ಕಿಯಾಗಲಿ, ಮದ್ಯಸಾರವು ಸ್ಟೈರೀನನ್ನು ಮಾರ್ಪಡಿಸುವ ಕಿಣ್ವಗಳನ್ನೇ ತನ್ನ ಕೆಲಸಕ್ಕೆ ಎಳೆದುಕೊಳ್ಳುತ್ತದೆ. ಆಗ ಸ್ಟೈರೀನ್ ರಕ್ತದಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ, ಮ್ಯಾಂಡೆಲಿಕ್ ಆಮ್ಲ ತಡವಾಗಿ ಬರುತ್ತದೆ. ಕೆಲಸದ ನಡುವೆ ಕುಡಿದವನ ವರದಿಯಲ್ಲಿ ಸಂಖ್ಯೆ ಕಡಿಮೆ ಕಾಣುತ್ತದೆ, ಅವನ ಮಿದುಳಿಗೆ ಮಾತ್ರ ಹೊರೆ ಹೆಚ್ಚಾಗಿರುತ್ತದೆ. ಪರೀಕ್ಷೆಯ ದಿನವೂ ಅದರ ಹಿಂದಿನ ದಿನವೂ ಕುಡಿಯದಿರುವುದು ಉತ್ತಮ. ಕುಡಿದಿದ್ದರೆ ಬೈಗುಳದ ಭಯವಿಲ್ಲದೆ ಹೇಳುವಂಥ ವಾತಾವರಣ ಇರಬೇಕು.

ಬೀಡಿ, ಸಿಗರೇಟಿನ ಹೊಗೆಯಲ್ಲೂ ಸ್ವಲ್ಪ ಸ್ಟೈರೀನ್ ಇರುತ್ತದೆ, ಆದರೆ ಫೈಬರ್ ಕೆಲಸಗಾರನ ಸಂಖ್ಯೆಯಲ್ಲಿ ಅದರ ಪಾಲು ಅತ್ಯಲ್ಪ. "ನೀನು ಬೀಡಿ ಸೇದುವುದರಿಂದ ಹೀಗೆ ಬಂದಿದೆ" ಎಂದು ಹೇಳಿ ಹೆಚ್ಚಿನ ವರದಿಯನ್ನು ತಳ್ಳಿಹಾಕುವುದು ಸರಿಯಲ್ಲ.

ಬೇರೆ ಯಾವುದರಿಂದ ಸಂಖ್ಯೆ ಏರಬಹುದು?

ಇಥೈಲ್ ಬೆಂಝೀನ್ ಎಂಬ ದ್ರಾವಕವೂ ದೇಹದಲ್ಲಿ ಇದೇ ಎರಡು ಆಮ್ಲಗಳಾಗುತ್ತದೆ. ಪೇಂಟಿನ ಥಿನ್ನರಿನಲ್ಲಿ ಬಳಸುವ ಮಾರುಕಟ್ಟೆಯ ಕ್ಸೈಲೀನಿನಲ್ಲಿ ಇದು ಬೆರೆತಿರುತ್ತದೆ. ಬೆಳಗ್ಗೆ ಫೈಬರ್, ಮಧ್ಯಾಹ್ನ ಪೇಂಟ್ ಎಂದು ಎರಡೂ ಕೆಲಸ ಮಾಡುವವರ ವರದಿಯನ್ನು ಓದುವಾಗ ಇದನ್ನು ನೆನಪಿಡಬೇಕು. ಮೂತ್ರನಾಳದ ಸೋಂಕಿಗೆ ಮೆಥನಮೈನ್ ಮ್ಯಾಂಡೆಲೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವರದಿಗೆ ಬೆಲೆಯಿಲ್ಲ. ಮೊಡವೆಗೆಂದು ಹಚ್ಚುವ ಕೆಲವು ಸೀರಮ್‌ಗಳಲ್ಲಿ ಮ್ಯಾಂಡೆಲಿಕ್ ಆಮ್ಲವೇ ಇರುತ್ತದೆ. ಯುವ ಕೆಲಸಗಾರರು ಬಳಸುತ್ತಿದ್ದರೆ ಅದನ್ನೂ ಚೀಟಿಯಲ್ಲಿ ಬರೆಯಲಿ.

ಗಂಜಿಯ ಜೊತೆ ಉಪ್ಪಿನಕಾಯಿ ತಿಂದರೆ ವರದಿ ಕೆಡುತ್ತದೆ ಎಂದು ಹೇಳುತ್ತಾರೆ. ನಿಜವೇ?

ಅದು ಬೇರೆ ಪರೀಕ್ಷೆಯ ಮಾತು. ಪೇಂಟ್, ಥಿನ್ನರ್, ಗಮ್ ಕೆಲಸದವರು ಉಸಿರಾಡುವ ಟೊಲುವೀನ್ ದೇಹದಲ್ಲಿ ಹಿಪ್ಯೂರಿಕ್ ಆಮ್ಲವಾಗುತ್ತದೆ. ಅಂಗಡಿಯ ಉಪ್ಪಿನಕಾಯಿ, ಸ್ಕ್ವಾಷ್, ತಂಪು ಪಾನೀಯಗಳು ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್ ಕೂಡ ಅದೇ ಹಿಪ್ಯೂರಿಕ್ ಆಮ್ಲವಾಗುತ್ತದೆ. ಟೊಲುವೀನನ್ನು ಮೂಸಿಯೂ ನೋಡದವರಲ್ಲೂ ಅದು ಸಾಕಷ್ಟು ಇರುವುದರಿಂದ, ಗಾಳಿಯ ಮಿತಿಗಳು ಇಳಿದಂತೆ ಆ ಗುರುತು ಉಪಯೋಗಕ್ಕೆ ಬಾರದಂತಾಯಿತು, ಈಗ ಅದರ ಬದಲು ಮೂತ್ರದಲ್ಲಿನ ಆರ್ಥೋ ಕ್ರೆಸಾಲ್ ಅಥವಾ ಟೊಲುವೀನನ್ನೇ ಅಳೆಯುತ್ತಾರೆ. ಮ್ಯಾಂಡೆಲಿಕ್ ಆಮ್ಲಕ್ಕೆ ಉಪ್ಪಿನಕಾಯಿಯಿಂದ ಏನೂ ಆಗದು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಧಾರಾಳವಾಗಿ ಉಣ್ಣಬಹುದು.

ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆಯೂ ಸ್ಟೈರೀನಿನದೇ ಅಲ್ಲವೇ? ದಕ್ಕೆಯಲ್ಲಿ ಅದನ್ನು ಹೊರುವವರಿಗೂ ಪರೀಕ್ಷೆ ಬೇಕೇ?

ಬೇಕಿಲ್ಲ. ಥರ್ಮೋಕೋಲಿನಲ್ಲಿ ಸ್ಟೈರೀನ್ ಆಗಲೇ ಒಂದಕ್ಕೊಂದು ಬೆಸೆದು ಪಾಲಿಸ್ಟೈರೀನ್ ಆಗಿದೆ, ಬಿಡಿಯಾಗಿ ಉಳಿದಿರುವುದು ತೀರಾ ಅಲ್ಪ. ಹಳೆಯ ಪೆಟ್ಟಿಗೆಗಳಿಗೆ ಬೆಂಕಿ ಹಾಕಿದರೆ ಮಾತ್ರ ಆ ಹೊಗೆಯಲ್ಲಿ ಸ್ಟೈರೀನ್ ಮತ್ತೆ ಬಿಡುಗಡೆಯಾಗುತ್ತದೆ. ಕಡಲ ತೀರದಲ್ಲಿ ಅವುಗಳನ್ನು ಸುಡಬಾರದು.

ಮುಖಕ್ಕೆ ಬೈರಾಸು ಕಟ್ಟಿಕೊಳ್ಳುತ್ತೇವೆ, ಕೆಲವರು ಎನ್95 ಹಾಕುತ್ತಾರೆ. ಸಾಲದೇ?

ಬೈರಾಸಾಗಲಿ ಎನ್95 ಆಗಲಿ ಆವಿಯನ್ನು ತಡೆಯುವುದಿಲ್ಲ. ಎನ್95 ಧೂಳಿಗೆ ಮಾಡಿದ್ದು. ಗ್ರೈಂಡಿಂಗ್ ಮಾಡುವಾಗ ಅದು ಉಪಯೋಗಕ್ಕೆ ಬರುತ್ತದೆ, ರೋಲರ್ ಹೊಡೆಯುವಾಗ ಇಲ್ಲ. ಆವಿಗೆ ಸಕ್ರಿಯ ಇದ್ದಿಲು ತುಂಬಿದ, ಸಾವಯವ ಆವಿಗೆಂದೇ ಗುರುತಿಸಿದ ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕ್ ಬೇಕು. ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡವಿದ್ದರೆ ಅಂಚಿನಿಂದ ಗಾಳಿ ನುಸುಳುತ್ತದೆ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಇದ್ದಿಲು ನೀರಿನಂಶವನ್ನೂ ಹೀರುವುದರಿಂದ ಕಾರ್ಟ್ರಿಜ್ ಪೊಟ್ಟಣದ ಮೇಲೆ ಬರೆದದ್ದಕ್ಕಿಂತ ಬೇಗ ಮುಗಿಯುತ್ತದೆ. ಸಂಜೆ ಮಾಸ್ಕನ್ನು ರೆಸಿನ್ ಡ್ರಮ್ಮಿನ ಮೇಲೆ ನೇತುಹಾಕಿ ಹೋದರೆ ರಾತ್ರಿಯಿಡೀ ಅದು ಅಲ್ಲಿನ ಆವಿಯನ್ನೇ ಹೀರುತ್ತಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಕು.

ಮಾಸ್ಕ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಈ ಮೂತ್ರ ಪರೀಕ್ಷೆಗಿಂತ ಒಳ್ಳೆಯ ದಾರಿ ಇಲ್ಲ. ಮಾಸ್ಕ್ ಕೊಟ್ಟ ಮೇಲೂ ಸಂಖ್ಯೆ ಇಳಿಯದಿದ್ದರೆ ಮಾಸ್ಕ್ ಸೋರುತ್ತಿದೆ, ಕಾರ್ಟ್ರಿಜ್ ಮುಗಿದಿದೆ, ಇಲ್ಲವೇ ಸೆಖೆ ತಾಳಲಾರದೆ ಅದನ್ನು ಕತ್ತಿಗೆ ಇಳಿಸಿಕೊಂಡಿದ್ದಾರೆ.

ಬೆಲ್ಲ, ಹಾಲು, ಬಾಳೆಹಣ್ಣು ತಿಂದರೆ ವಿಷ ಹೊರಹೋಗುವುದಿಲ್ಲವೇ?

ಇಲ್ಲ. ಅವು ಹೊಟ್ಟೆಗೆ ಒಳ್ಳೆಯ ಆಹಾರ, ಶ್ವಾಸಕೋಶದಿಂದ ರಕ್ತಕ್ಕೆ ಇಳಿದ ಸ್ಟೈರೀನಿನ ಮೇಲೆ ಅವುಗಳ ಪರಿಣಾಮವಿಲ್ಲ.

ಹಾಗಾದರೆ ಸಂಖ್ಯೆಯನ್ನು ಇಳಿಸುವುದು ಹೇಗೆ?

ಮೊದಲು ಗಾಳಿ. ಆವಿ ಕೆಳಗೆ ತಂಗುವುದರಿಂದ ಮೇಲೆ ಫ್ಯಾನ್ ತೂಗುಹಾಕಿದರೆ ಪ್ರಯೋಜನ ಕಡಿಮೆ. ಹಲ್ಲಿನ ತಳಕ್ಕೆ ದಪ್ಪ ಹೋಸ್ ಇಳಿಸಿ ಅಲ್ಲಿಂದ ಹೊರಕ್ಕೆಳೆಯಬೇಕು, ಹೊಸ ಗಾಳಿ ಕೆಲಸಗಾರನ ಬೆನ್ನ ಕಡೆಯಿಂದ ಬಂದು ಮುಖವನ್ನು ದಾಟಿ ಹೋಗುವಂತಿರಬೇಕು. ಟಾರ್ಪಾಲನ್ನು ಮಳೆ ಬಡಿಯುವ ದಿಕ್ಕಿನಲ್ಲಿ ನೆಲದವರೆಗೆ ಇಳಿಸಿ, ಎದುರು ದಿಕ್ಕಿನಲ್ಲಿ ಮೊಣಕಾಲೆತ್ತರಕ್ಕೆ ಎತ್ತಿ ಕಟ್ಟುವುದಕ್ಕೆ ಯಾವ ಖರ್ಚೂ ಇಲ್ಲ. ಆದರೆ ಒಂದು ಎಚ್ಚರಿಕೆ: ಸ್ಟೈರೀನ್ ಸುಮಾರು 31 ಡಿಗ್ರಿಯಲ್ಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ನಮ್ಮ ಮಧ್ಯಾಹ್ನಗಳು ಅದನ್ನು ಸುಲಭವಾಗಿ ದಾಟುತ್ತವೆ. ಬ್ರಷ್ ತೊಳೆಯುವ ಅಸಿಟೋನ್ ಅದಕ್ಕಿಂತಲೂ ಬೇಗ ಹೊತ್ತಿಕೊಳ್ಳುತ್ತದೆ. ಮನೆಯ ಮೇಜಿನ ಫ್ಯಾನನ್ನು ಹಲ್ಲಿನೊಳಗೆ ಇಳಿಸಬಾರದು. ಕಿಡಿ ಹಾರದ, ಸ್ಫೋಟ ನಿರೋಧಕ ಬ್ಲೋವರ್ ಬೇಕು.

ನಂತರ ಕೆಲಸದ ರೀತಿ. ರೆಸಿನ್ ಬಕೆಟ್ ಮುಚ್ಚಿಡುವುದು, ಹಚ್ಚಿ ಮುಗಿದ ಕೂಡಲೇ ಹಲ್ಲಿನಿಂದ ಹೊರಬಂದು ಗಟ್ಟಿಯಾಗುವ ಹೊತ್ತಿನಲ್ಲಿ ಅಲ್ಲೇ ಕುಳಿತು ಹರಟದಿರುವುದು, ಒಳಗಿನ ಕೆಲಸವನ್ನು ಒಬ್ಬರ ಮೇಲೇ ಹೊರಿಸದೆ ಸರದಿಯಲ್ಲಿ ಮಾಡುವುದು. ಆವಿ ಕಡಿಮೆ ಬಿಡುವ ರೆಸಿನ್‌ಗಳು ಮಾರುಕಟ್ಟೆಯಲ್ಲಿವೆ. ಹೊಸ ನಾಡದೋಣಿ ಕಟ್ಟುವವರು ಮೋಲ್ಡನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ನಿರ್ವಾತದಲ್ಲಿ ರೆಸಿನ್ ಎಳೆಸುವ ವಿಧಾನಕ್ಕೆ ಹೋದರೆ ಆವಿ ಗಾಳಿಗೆ ಸೇರುವುದು ಬಹುಪಾಲು ತಪ್ಪುತ್ತದೆ.

ವರದಿಯನ್ನು ಯಾರು ನೋಡಬಹುದು? ಹೆಚ್ಚು ಬಂದರೆ ಕೆಲಸದಿಂದ ತೆಗೆಯುತ್ತಾರೆಯೇ?

ವರದಿ ಮೊದಲು ಕೆಲಸಗಾರನಿಗೆ ಸೇರಬೇಕು, ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ತುಳುವಿನಲ್ಲೋ ಹಿಂದಿಯಲ್ಲೋ, ವಿವರಿಸಬೇಕು. ಮಾಲೀಕರಿಗೆ ಹೆಸರುಗಳಿಲ್ಲದೆ, ಯಾವ ಕೆಲಸದಲ್ಲಿ ಎಷ್ಟು ಎಂಬ ಒಟ್ಟು ಚಿತ್ರ ಕೊಟ್ಟರೆ ಸಾಕು. ಹೆಚ್ಚಿನ ಸಂಖ್ಯೆ ಬಂದವನನ್ನು ಬಿಡಿಸಿ ಇನ್ನೊಬ್ಬನನ್ನು ಅದೇ ಹಲ್ಲಿನೊಳಗೆ ಇಳಿಸಿದರೆ ಮುಂದಿನ ವಾರ ಅವನ ಸಂಖ್ಯೆಯೂ ಅಷ್ಟೇ ಬರುತ್ತದೆ, ತಪ್ಪಿರುವುದು ಗಾಳಿಯಲ್ಲಿ. ವರದಿಯ ಕಾರಣಕ್ಕೆ ಕೂಲಿ ಹೋಗುತ್ತದೆ ಎಂಬ ಭಯ ಹುಟ್ಟಿದ ದಿನವೇ ಜನ ಬಾಟಲಿಗೆ ನೀರು ಬೆರೆಸಿ ಕೊಡಲು ತೊಡಗುತ್ತಾರೆ, ಆಮೇಲೆ ಪರೀಕ್ಷೆಯೇ ವ್ಯರ್ಥ.

ಬದಲಾವಣೆ ಮಾಡಿದ ಮೇಲೆ ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು?

ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಹಳೆಯ ಸ್ಟೈರೀನ್ ಕೆಲವೇ ದಿನಗಳಲ್ಲಿ ದೇಹದಿಂದ ಹೋಗಿರುವುದರಿಂದ, ಬ್ಲೋವರ್ ಹಾಕಿದ ಮರುವಾರವೇ, ಅದೇ ವ್ಯಕ್ತಿ ಅದೇ ಬಗೆಯ ಕೆಲಸವನ್ನು ಅಷ್ಟೇ ಹೊತ್ತು ಮಾಡಿದ ದಿನದ ಸಂಜೆ, ಮತ್ತೊಮ್ಮೆ ಮೂತ್ರ ಕೊಟ್ಟರೆ ಫಲಿತಾಂಶ ಕಾಣುತ್ತದೆ. ಮೊದಲ ಪರೀಕ್ಷೆ ಹಲ್ಲಿನ ಒಳಗಿನ ಕೆಲಸದ ದಿನ, ಎರಡನೆಯದು ಹೊರಗಿನ ಕೆಲಸದ ದಿನ ಎಂದಾದರೆ ಆ ಎರಡು ಸಂಖ್ಯೆಗಳನ್ನು ಹೋಲಿಸಬಾರದು. ಒಬ್ಬರ ಒಂದು ವರದಿಗಿಂತ, ಒಂದೇ ಕೆಲಸ ಮಾಡುವ ನಾಲ್ಕೈದು ಮಂದಿಯ ವರದಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಹೆಚ್ಚು ನಂಬಿಕೆಗೆ ಅರ್ಹ. ಎಲ್ಲರದೂ ಇಳಿದಿದ್ದರೆ ಗಾಳಿ ಸುಧಾರಿಸಿದೆ ಎಂದರ್ಥ. ಒಬ್ಬರದು ಮಾತ್ರ ಇಳಿಯದಿದ್ದರೆ ಅವರು ಎಲ್ಲಿ ಕುಳಿತು ಕೆಲಸ ಮಾಡುತ್ತಾರೆ, ಮಾಸ್ಕ್ ಹೇಗೆ ಹಾಕುತ್ತಾರೆ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಬೇಕು.